ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಹುದೆ?

ನಮ್ಮ ಹಳ್ಳಿಗಳಲ್ಲಿ ಒಂದು ಮಾತಿದೆ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೆ? ಸಣ್ಣ ತೊಂದರೆಗೆ ಬೇಸತ್ತು ದೊಡ್ಡದನ್ನು ಕಳೆದುಕೊಳ್ಳಬೇಡ ಎಂದು ಬುದ್ಧಿ ಹೇಳುವವರು ಈ ಗಾದೆಯನ್ನು ಆಡುತ್ತಾರೆ. ನೂರಾರು ಸಲ ಕೇಳಿದ ಮಾತು. ಪ್ರವಚನದಲ್ಲಿ ನಾನೂ ಬಳಸಿದ್ದುಂಟು. ಅದನ್ನು ಅಕ್ಷರಶಃ ತೆಗೆದುಕೊಂಡು ಉತ್ತರ ಹೇಳಬೇಕಾದ ದಿನವೊಂದು ಬಂದೀತೆಂದು ಮಾತ್ರ ನಾನು ಎಣಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ನಂಜನಗೂಡಿನ ಕಡೆಯ ಒಂದು ಧರ್ಮಕೇಂದ್ರದಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಹೊರಗೆ ನಿಂತಿದ್ದಾಗ, ಕಾರ್ಖಾನೆಯಲ್ಲಿ ದುಡಿಯುವ ಯುವಕನೊಬ್ಬ ಪತ್ನಿಯೊಡನೆ ಬಳಿಗೆ ಬಂದ. “ಸ್ವಾಮಿ, ಮೂಗಲ್ಲಿ ಮಾಂಸ ಬೆಳ್ದಿದ್ಯಂತೆ. ಕುಯ್ಸಬೇಕು ಅಂತಾರೆ. ದೇವ್ರು ಕೊಟ್ಟಿದ್ದನ್ನ ಕುಯ್ಸಬಹುದಾ?” ಎಂದು ಕೇಳಿದ. ನನಗೆ ತಟಕ್ಕನೆ ಆ ಗಾದೆ ನೆನಪಾಯಿತು; ಹೇಳಿ ನಕ್ಕೆ. ಅವನೂ ಮರ್ಯಾದೆಗೆ ನಕ್ಕ. ಆಕೆ ನಗಲಿಲ್ಲ. “ನೀವು ನಗ್ತೀರ ಸ್ವಾಮಿ. ರಾತ್ರಿ ಇವರು ಮಲಗಲ್ಲ, ದಿಂಬಿಗೆ ಒರಗಿ ಕೂತಿರ್ತಾರೆ. ಬಾಯಿ ಒಣಗಿ ಒಣಗಿ ನೀರು ಕುಡೀತಾರೆ. ಮೂರು ವರ್ಷ ಆಯ್ತು” ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

ಪ್ರಿಯ ಓದುಗರೇ, ಆ ಯುವಕನ ಪ್ರಶ್ನೆ ಸಣ್ಣದಲ್ಲ. ಕ್ಯಾನ್ಸರ್ ಬಂದ ಅಂಗವನ್ನು ತೆಗೆಸಬಹುದೆ ಎಂದು ಯಾರೂ ಯಾಜಕನನ್ನು ಕೇಳುವುದಿಲ್ಲ. ಅಲ್ಲಿ ಪ್ರಾಣದ ಪ್ರಶ್ನೆಯಿದೆ, ಉತ್ತರ ಎಲ್ಲರಿಗೂ ತಿಳಿದಿದೆ. ಪ್ರಾಣಕ್ಕೆ ಅಪಾಯವಿಲ್ಲದ, ಆದರೆ ಬದುಕನ್ನು ದಿನದಿನವೂ ಕೊರೆಯುವ ಒಂದು ತೊಂದರೆಗಾಗಿ ದೇಹದ ಒಂದು ಭಾಗವನ್ನು ಕಡಿಮೆ ಮಾಡಿಸಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ? ಗುರುಮಠದಲ್ಲಿ ನೈತಿಕ ದೈವಶಾಸ್ತ್ರವನ್ನು ಓದಿದ ನಾನು ಈ ಪ್ರಶ್ನೆಗೆ ಸಿದ್ಧ ಉತ್ತರವನ್ನು ಇಟ್ಟುಕೊಂಡಿದ್ದೆ. ಆದರೆ ಮೂಗಿನ ಒಳಗೆ ಏನಿದೆಯೆಂಬುದೇ ನನಗೆ ತಿಳಿದಿರಲಿಲ್ಲ. ಮೊದಲು ಅದನ್ನು ತಿಳಿಯಬೇಕಾಯಿತು.

ಮೂಗಿನ ಎರಡೂ ಹೊಳ್ಳೆಗಳ ಒಳಗೆ, ಹೊರಬದಿಯ ಗೋಡೆಯಿಂದ ಮೂರು ಮೂರು ಸುರುಳಿಗಳು ಒಂದರ ಕೆಳಗೊಂದರಂತೆ ಚಾಚಿಕೊಂಡಿವೆ. ಒಳಗೆ ತೆಳ್ಳನೆಯ ಎಲುಬು. ಅದರ ಮೇಲೆ ರಕ್ತನಾಳಗಳು ಕಿಕ್ಕಿರಿದ, ಸದಾ ತೇವವಾಗಿರುವ ಮೆತ್ತನೆಯ ಲೋಳೆಪೊರೆ. ವೈದ್ಯರು ಇವನ್ನು ಟರ್ಬಿನೇಟ್ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಇವುಗಳ ಹೆಸರು ಕೊಂಕ, ಅಂದರೆ ಚಿಪ್ಪು. ಕೆಳಗಿನ ಸುರುಳಿಯೇ ಎಲ್ಲಕ್ಕಿಂತ ದೊಡ್ಡದು. ಒಬ್ಬ ಮನುಷ್ಯ ದಿನವೊಂದಕ್ಕೆ ಸುಮಾರು 10,000 ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಆ ಗಾಳಿ ಈ ಸುರುಳಿಗಳನ್ನು ಸವರಿಕೊಂಡು ಗಂಟಲಿಗೆ ಇಳಿಯುವಷ್ಟರಲ್ಲಿ ದೂಳನ್ನು ಕಳೆದುಕೊಂಡು, ತೇವವನ್ನು ಪಡೆದು, ಹೆಚ್ಚುಕಡಿಮೆ ಮೈಯ ಬಿಸಿಯಷ್ಟೇ ಬಿಸಿಯಾಗಿರುತ್ತದೆ. ಮತ್ತೊಂದು ಸೋಜಿಗವೂ ಇದೆ. ಒಂದು ಹೊಳ್ಳೆಯ ಸುರುಳಿ ಉಬ್ಬಿದಾಗ ಇನ್ನೊಂದರದು ಕುಗ್ಗುತ್ತದೆ. ಕೆಲವು ಗಂಟೆಗಳ ನಂತರ ಪಾಳಿ ಬದಲಾಗುತ್ತದೆ. ಇದನ್ನು 1895ರಲ್ಲಿ ರಿಚರ್ಡ್ ಕೈಸರ್ ಎಂಬ ಜರ್ಮನ್ ವೈದ್ಯರು ಬರೆದಿಟ್ಟರು. ಸೂರ್ಯನಾಡಿ ಚಂದ್ರನಾಡಿ ಎಂದು ಮಾತಾಡುವ ನಮ್ಮ ನಾಡಿನ ಯೋಗಿಗಳು ಉಸಿರು ಹೊಳ್ಳೆ ಬದಲಿಸುವುದನ್ನು ಅದಕ್ಕೂ ಬಹಳ ಹಿಂದೆಯೇ ಗಮನಿಸಿದ್ದರು.

ಆದ್ದರಿಂದ “ಮೂಗಲ್ಲಿ ಮಾಂಸ ಬೆಳೆದಿದೆ” ಎಂಬ ಮಾತಿನಲ್ಲಿ ಒಂದು ತೊಡಕಿದೆ. ಪಾಲಿಪ್ ಎಂಬ ಗಂಟು ನಿಜವಾಗಿಯೂ ಹೊಸದಾಗಿ ಬೆಳೆದದ್ದು. ಅದು ಬೇರೆ ಸಂಗತಿ. ಟರ್ಬಿನೇಟ್ ಹಾಗಲ್ಲ. ಅದು ಹುಟ್ಟಿದಾಗಿನಿಂದ ಇರುವ, ಕೆಲಸವುಳ್ಳ ಅಂಗ. ಅಲರ್ಜಿಯಿಂದಲೋ ದೂಳಿನಿಂದಲೋ ಉಬ್ಬಿಕೊಂಡು ದಾರಿ ಕಟ್ಟಿದೆ, ಅಷ್ಟೆ. ನಮ್ಮ ಕಡೆ ಅದಕ್ಕೆ ಕಾರಣಗಳಿಗೆ ಬರವಿಲ್ಲ: ನರಸೀಪುರದ ಬಯಲಿನಲ್ಲಿ ಭತ್ತದ ಒಕ್ಕಣೆಯ ದೂಳು, ರಸ್ತೆಯ ಇಕ್ಕೆಲಗಳಲ್ಲಿ ಕಾಂಗ್ರೆಸ್ ಗಿಡದ ಹೂವು, ಸೌದೆ ಒಲೆಯ ಹೊಗೆ. ಬೆಳೆದ ಮಾಂಸವೆಂದರೆ ಕೊಯ್ದು ಬಿಸಾಡಬೇಕಾದ ಕಳೆ ಎಂಬ ಭಾವನೆ ಬರುತ್ತದೆ. ಉಬ್ಬಿದ ಅಂಗವೆಂದರೆ ಸರಿಪಡಿಸಬೇಕು ಎನಿಸುತ್ತದೆ. ರೋಗಿಯ ಒಪ್ಪಿಗೆ ಎಂಬುದು ಕಾಗದದ ಮೇಲಿನ ರುಜುವಿನಿಂದಲ್ಲ, ಇಂತಹ ಒಂದು ಪದದಿಂದಲೇ ಆರಂಭವಾಗುತ್ತದೆ. ಪದವೇ ತಪ್ಪಾದರೆ ಒಪ್ಪಿಗೆಯೂ ಅರೆಬರೆ.

ಇನ್ನು ಧರ್ಮಸಭೆಯ ಬೋಧನೆ. ಅಂಗವಿರುವುದು ಇಡೀ ದೇಹಕ್ಕಾಗಿ. ಇಡೀ ದೇಹದ ಒಳಿತಿಗೆ ಅಗತ್ಯವಾದಾಗ ಕೆಟ್ಟ ಅಂಗವನ್ನು ತೆಗೆಯಬಹುದು ಎಂದು ಸಂತ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿಯೇ ತರ್ಕಿಸಿದರು. ಹನ್ನೆರಡನೆಯ ಪಯಸ್ ಜಗದ್ಗುರುಗಳು 1952ರ ಸೆಪ್ಟೆಂಬರ್‌ನಲ್ಲಿ ವೈದ್ಯವಿಜ್ಞಾನಿಗಳ ಸಮ್ಮೇಳನವೊಂದನ್ನು ಉದ್ದೇಶಿಸಿ ಮಾತನಾಡಿದಾಗ ಈ ತತ್ವವನ್ನು ಮತ್ತೆ ವಿವರಿಸಿದರು: ಮನುಷ್ಯನು ತನ್ನ ದೇಹದ ಒಡೆಯನಲ್ಲ, ಅದನ್ನು ಅನುಭವಿಸುವ ಹಕ್ಕುಳ್ಳವನು ಮಾತ್ರ. ಇದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಗದ್ದೆಯನ್ನು ವಾರಕ್ಕೆ ಮಾಡುವವನು ಕಳೆ ಕೀಳಬಹುದು, ಬದು ತಿದ್ದಬಹುದು, ನೀರು ನಿಂತರೆ ಕಾಲುವೆ ತೋಡಬಹುದು. ಬೆಳೆ ಬರಲೆಂದು ಇಷ್ಟನ್ನು ಮಾಡಲೇಬೇಕು. ಆದರೆ ಮೇಲ್ಮಣ್ಣನ್ನು ಕೆತ್ತಿ ಇಟ್ಟಿಗೆ ಗೂಡಿಗೆ ಮಾರಿಬಿಡುವಂತಿಲ್ಲ.

ಹಾಗಾದರೆ ಯುವಕನಿಗೆ ಉತ್ತರ ಸಿಕ್ಕಿತು. ಕೊಯ್ಸುವುದು ಪಾಪವಲ್ಲ. ಸಹಿಸಿಕೊಂಡೇ ಇರಬೇಕೆಂಬ ನಿಯಮವೂ ಇಲ್ಲ. ನೋವಿನ ಪರಿಹಾರವನ್ನು ನಿರಾಕರಿಸಲು ಕ್ರೈಸ್ತನು ಬದ್ಧನಲ್ಲವೆಂದು ಅದೇ ಜಗದ್ಗುರುಗಳು 1957ರಲ್ಲಿ ಸ್ಪಷ್ಟಪಡಿಸಿದರು. ಸಿರಾಖನ ಗ್ರಂಥ ವೈದ್ಯನನ್ನು ಗೌರವಿಸಲು ಹೇಳುತ್ತದೆಯೇ ಹೊರತು ರೋಗವನ್ನು ಗೌರವಿಸಲು ಹೇಳುವುದಿಲ್ಲ. ಸರ್ವೇಶ್ವರನು ಮಣ್ಣಿನ ಮನುಷ್ಯನಿಗೆ ಜೀವಶ್ವಾಸವನ್ನು ಊದಿದ್ದು ಮೂಗಿನ ಹೊಳ್ಳೆಗಳಲ್ಲಿ ಎಂದು ಆದಿಕಾಂಡ ಹೇಳುವಾಗ, ಆ ದಾರಿ ಸುಗಮವಾಗಿರಲಿ ಎಂದು ಬಯಸುವುದರಲ್ಲಿ ತಪ್ಪೇನಿದೆ?

ಉಳಿದಿರುವ ಪ್ರಶ್ನೆ ‘ಮಾಡಿಸಬಹುದೆ’ ಎಂಬುದಲ್ಲ, ‘ಎಷ್ಟು’ ಎಂಬುದು. ಹಿಂದಿನ ದಶಕಗಳಲ್ಲಿ ಕೆಳಗಿನ ಸುರುಳಿಯನ್ನು ಬುಡಸಹಿತ ತೆಗೆದುಹಾಕುವ ಕ್ರಮ ಅನೇಕ ಕಡೆ ಇತ್ತು. ದಾರಿ ಅಗಲವಾದಷ್ಟೂ ಉಸಿರು ಸರಾಗವೆಂಬುದು ನೋಡಲು ಸರಳ ಲೆಕ್ಕ. ಆದರೆ ಆ ಬಳಿಕ ಕೆಲವರು ವಿಚಿತ್ರವಾದ ದೂರು ಹೇಳತೊಡಗಿದರು: ಮೂಗು ಪೂರ್ತಿ ತೆರೆದಿದೆ, ಆದರೆ ಉಸಿರು ಕಟ್ಟಿದಂತಿದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಯೂಜೀನ್ ಕರ್ನ್ ಮತ್ತು ಅವರ ಸಹೋದ್ಯೋಗಿ ಮೋನಿಕಾ ಸ್ಟೆನ್‌ಕ್ವಿಸ್ಟ್ 1994ರಲ್ಲಿ ಇದಕ್ಕೆ ‘ಖಾಲಿ ಮೂಗು’ ಎಂಬ ಅರ್ಥದ ಹೆಸರಿಟ್ಟರು. ಇದು ಅಪರೂಪ, ಟರ್ಬಿನೇಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ನೆಮ್ಮದಿಯಾಗಿಯೇ ಇದ್ದಾರೆ. ಈ ಮಾತನ್ನು ಒತ್ತಿ ಹೇಳದಿದ್ದರೆ ನನ್ನ ಬರಹ ಓದಿ ಯಾರಾದರೂ ಹೆದರಿ ಚಿಕಿತ್ಸೆಯನ್ನೇ ಬಿಟ್ಟಾರು. ಈಗ ಬಹುಪಾಲು ವೈದ್ಯರು ಲೋಳೆಪೊರೆಯನ್ನು ಉಳಿಸಿ ಒಳಗಿನ ಉಬ್ಬನ್ನಷ್ಟೇ ಇಳಿಸುವ ಕ್ರಮವನ್ನು ಅನುಸರಿಸುತ್ತಾರೆ. ಮೇಲ್ಮಣ್ಣನ್ನು ಉಳಿಸಿ ಒಳಗಿನ ನೀರು ಬಸಿದ ಹಾಗೆ.

ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಈ ಲೇಖನವನ್ನು ಬರೆಯಲು ಕೂತದ್ದು ಇನ್ನೊಬ್ಬರ ಸಲುವಾಗಿ.

ನಂಜನಗೂಡಿನಿಂದ ಕಪಿಲೆ ಕೆಳಗೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆ ನರಸೀಪುರದ ಕಡೆಯ ಒಂದು ಧರ್ಮಕೇಂದ್ರದಲ್ಲಿ, ಮೇಲೆ ಹೇಳಿದ ಪ್ರಸಂಗಕ್ಕಿಂತ ಹಿಂದೆ, ನಾನು ಸೇವೆಯಲ್ಲಿದ್ದೆ. ಅಲ್ಲಿ ನಡುವಯಸ್ಸಿನ ಒಬ್ಬ ಗೃಹಸ್ಥರಿದ್ದರು. ಗಾಯನವೃಂದದಲ್ಲಿ ಒಳ್ಳೆಯ ಕಂಠ, ಭಾನುವಾರದ ವಾಚನಕ್ಕೆ ಅವರೇ ಬೇಕು. (ಅವರು ಹೇಳಿದ್ದು ಪಾಪನಿವೇದನೆಯಲ್ಲಿ ಅಲ್ಲ, ಗುರುನಿವಾಸದ ಜಗಲಿಯ ಮೇಲೆ, ಬರೆಯಲು ಅವರ ಒಪ್ಪಿಗೆಯೂ ಇದೆ.) ಬಹಳ ವರ್ಷಗಳ ಹಿಂದೆ, ದೂರದ ಒಂದು ಊರಿನಲ್ಲಿ, ಮೂಗಿನ ಎರಡೂ ಕಡೆಯ ಸುರುಳಿಗಳನ್ನು ತೆಗೆಸಿಕೊಂಡಿದ್ದರು. ಮೊದಲ ಕೆಲವು ತಿಂಗಳು ಸುಖವಾಗಿತ್ತಂತೆ. ಆಮೇಲೆ ಮೂಗು ಒಣಗತೊಡಗಿತು, ಒಳಗೆ ಹೊಪ್ಪಳೆ ಕಟ್ಟತೊಡಗಿತು, ನಿದ್ರೆ ಹೋಯಿತು. ಹಾಡುವುದನ್ನು ಬಿಟ್ಟರು, ಆಮೇಲೆ ವಾಚನವನ್ನೂ ಬಿಟ್ಟರು. ವೈದ್ಯರ ಬಳಿ ಹೋದರು. ದುರ್ಬೀನು ಹಾಕಿ ನೋಡಿದವರು, ದಾರಿ ಹೆದ್ದಾರಿಯಂತಿದೆ, ಇನ್ನೇನು ಬೇಕು ಎಂದರು. ಇನ್ನೊಬ್ಬರು ಸ್ಕ್ಯಾನಿಂಗ್ ಮಾಡಿಸಿ, ಎಲ್ಲ ಸರಿಯಿದೆ, ಚಿಂತೆ ಬಿಡಿ ಎಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ಮನೆಯವರು ಸ್ವಲ್ಪ ಕಾಲ ಮರುಗಿದರು, ಆಮೇಲೆ ಬೇಸತ್ತರು.

ಕೊನೆಗೆ ನನ್ನಲ್ಲಿಗೆ ಬಂದರು. ಅಂದು ಅವರು ಆಡಿದ ಮಾತು ಹಾಗೆಯೇ ನೆನಪಿದೆ: “ಗಾಳಿ ಒಳಗೆ ಹೋಗುತ್ತೆ ಫಾದರ್. ಹೋಗಿದ್ದು ಗೊತ್ತಾಗಲ್ಲ.”

ನಾನು ಏನು ಹೇಳಿದೆ ಗೊತ್ತೆ? ಅದು ತಪಸ್ಸುಕಾಲ. ವರದಿಗಳೆಲ್ಲ ಸರಿಯಿವೆಯಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಪ್ರಭುವಿನ ಯಾತನೆಯೊಡನೆ ಇದನ್ನೂ ಅರ್ಪಿಸಿಬಿಡಿ ಎಂದೆ. ಅವರು ತಲೆಯಾಡಿಸಿ, ನಮಸ್ಕರಿಸಿ ಹೊರಟರು. ಒಳ್ಳೆಯ ಉಪದೇಶ ಮಾಡಿದೆನೆಂಬ ತೃಪ್ತಿಯಲ್ಲಿ ನಾನು ಊಟಕ್ಕೆ ಎದ್ದೆ. ಅವರ ಮಾತನ್ನು ಮತ್ತೆ ನೆನೆದದ್ದು, ನಂಜನಗೂಡಿನ ಯುವಕನ ಪ್ರಶ್ನೆಗಾಗಿ ಪರಿಚಯದ ಕಿವಿ ಮೂಗು ಗಂಟಲು ತಜ್ಞರೊಬ್ಬರನ್ನು ವಿಚಾರಿಸಿದ ದಿನ.

ಅವರಿಂದ ತಿಳಿದದ್ದು ಇದು. ಉಸಿರು ಒಳಹೋಗುವುದು ಬೇರೆ, ಒಳಹೋಯಿತೆಂದು ಅರಿವಾಗುವುದು ಬೇರೆ. ಗಾಳಿ ಸವರಿ ಹೋಗುವಾಗ ಲೋಳೆಪೊರೆ ಸ್ವಲ್ಪ ತಣ್ಣಗಾಗುತ್ತದೆ. ಆ ತಂಪನ್ನು ಅಲ್ಲಿನ ನರಗಳ ತುದಿಗಳು ಮೆದುಳಿಗೆ ಮುಟ್ಟಿಸುತ್ತವೆ. ‘ಉಸಿರಾಡಿದೆ’ ಎಂಬ ನಮ್ಮ ಸಮಾಧಾನ ಹುಟ್ಟುವುದು ಹೀಗೆ. ಪುದೀನ ಸತ್ವದ ಮುಲಾಮು ಹಚ್ಚಿದರೆ ಮೂಗು ಬಿಟ್ಟಂತೆ ಅನಿಸುವುದೂ ಇದರಿಂದಲೇ. ದಾರಿ ಒಂದು ಕೂದಲೆಳೆಯಷ್ಟೂ ಅಗಲವಾಗಿರುವುದಿಲ್ಲ, ತಂಪಿನ ನರಗಳು ಎಚ್ಚೆತ್ತಿರುತ್ತವೆ. ಪೊರೆಯೇ ಹೋದವನಿಗೆ ಅಥವಾ ಗಾಳಿ ಅದನ್ನು ಮುಟ್ಟದೆ ನೇರವಾಗಿ ನುಗ್ಗುವವನಿಗೆ ಆ ಸುದ್ದಿ ತಲುಪುವುದಿಲ್ಲ. ಎದೆ ತುಂಬುತ್ತದೆ, ಮೆದುಳು ಉಸಿರಿಲ್ಲವೆಂದು ಕೂಗುತ್ತದೆ. ಇಂತಹವರನ್ನು ಪರೀಕ್ಷಿಸಲು ವೈದ್ಯರು ಸುರುಳಿಯಿದ್ದ ಜಾಗದಲ್ಲಿ ಒದ್ದೆ ಹತ್ತಿಯ ತುಣುಕನ್ನು ಇಟ್ಟು ನೋಡುವುದುಂಟು. ದಾರಿಯನ್ನು ಅಷ್ಟು ಮುಚ್ಚಿದರೆ ಕೆಲವರಿಗೆ ಕೂಡಲೇ ಉಸಿರು ಬಂದಂತಾಗುತ್ತದೆ!

“ಹೋಗಿದ್ದು ಗೊತ್ತಾಗಲ್ಲ” ಎಂದು ಅವರು ನನ್ನ ಜಗಲಿಯಲ್ಲಿ ಕೂತು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಗ್ರಂಥದಲ್ಲಿ ಇದ್ದದ್ದನ್ನೇ ಅವರು ನಾಲ್ಕು ಪದಗಳಲ್ಲಿ ಹೇಳಿದ್ದರು. ನಾನು ಅದನ್ನು ಮನೋವ್ಯಥೆಯೆಂದು ಬಗೆದೆ. ಅಷ್ಟೇ ಅಲ್ಲ, ಅದಕ್ಕೆ ಶಿಲುಬೆಯ ಮುದ್ರೆಯನ್ನೂ ಒತ್ತಿದೆ. ತನ್ನ ಯಾತನೆಯನ್ನು ಪ್ರಭುವಿಗೆ ಅರ್ಪಿಸುವುದು ಪುಣ್ಯಕಾರ್ಯವೇ, ಸಂಶಯವಿಲ್ಲ. ಆದರೆ ಅರ್ಪಿಸಬೇಕಾದವರು ಅವರು. ಅವರ ಪರವಾಗಿ ನಾನು ಅಷ್ಟು ಸುಲಭವಾಗಿ ಅರ್ಪಿಸಿಬಿಟ್ಟೆ. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1984ರಲ್ಲಿ ಯಾತನೆಯ ಕ್ರೈಸ್ತ ಅರ್ಥವನ್ನು ಕುರಿತು ಬರೆದ ಪತ್ರವನ್ನು ಹಿಂದೆ ಓದಿದ್ದೆ. ಅದರ ಕೊನೆಯ ಭಾಗದಲ್ಲಿ ಸಿಗುವವನು ಒಳ್ಳೆಯ ಸಮಾರಿಯದವನು. ಅವನು ಗಾಯಾಳುವಿಗೆ ಅರ್ಥ ವಿವರಿಸಲಿಲ್ಲ, ನಿಂತು ಬಗ್ಗಿ ನೋಡಿದ.

ಯೋಬನ ಮೂವರು ಗೆಳೆಯರನ್ನು ನಾವು ಎಲ್ಲ ಪ್ರವಚನಗಳಲ್ಲಿಯೂ ಬಯ್ಯುತ್ತೇವೆ. ಆದರೆ ಅವರು ಮೊದಲ ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡದೆ. ನಾನು ಏಳು ನಿಮಿಷವೂ ಕೂರಲಿಲ್ಲ. ಮಾರ್ಕನ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಅನೇಕ ವೈದ್ಯರ ಕೈಯಲ್ಲಿ ಪಾಡುಪಟ್ಟು, ಇದ್ದುದನ್ನೆಲ್ಲ ಖರ್ಚು ಮಾಡಿದ ಮಹಿಳೆಯಿದ್ದಾಳೆ. ಪ್ರಭು ಅವಳನ್ನು ಗುಣಪಡಿಸಿ ಮುಂದೆ ನಡೆದುಬಿಡಬಹುದಿತ್ತು. ಸಾವಿನಂಚಿನಲ್ಲಿದ್ದ ಬಾಲಕಿಯ ಮನೆಗೆ ಹೊರಟಿದ್ದ ಅವಸರ ಬೇರೆ. ಆದರೂ ಜನಸಂದಣಿಯ ನಡುವೆ ನಿಂತ, ಅವಳು ಮುಂದೆ ಬರುವವರೆಗೂ ಕಾದ, ಅವಳ ಕಥೆಯನ್ನೆಲ್ಲ ಕೇಳಿಸಿಕೊಂಡ. ಗುಣವಾದ ಮೇಲೂ ಅವಳ ಮಾತನ್ನು ಕೇಳುವುದು ಬಾಕಿಯಿತ್ತು.

ಇಲ್ಲಿ ನಮ್ಮ ಮೈಸೂರು ಸೀಮೆಯ ಇತಿಹಾಸದ ಒಂದು ಮೂಗು ನೆನಪಾಗುತ್ತದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪು ಸುಲ್ತಾನನ ಸೈನಿಕರ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕಡಿದು ಕಳುಹಿಸಿದರು. ವರ್ಷದ ಬಳಿಕ ಪುಣೆಯ ಬಳಿ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕಸುಬುದಾರ ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿಕೊಟ್ಟ. ಅದರ ವಿವರ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರಸಹಿತ ಅಚ್ಚಾಯಿತು; 1814ರಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ವೈದ್ಯರು ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ನೋಡಿದರು. ಕಾವಸ್‌ಜಿಯ ನಷ್ಟವನ್ನು ಯಾರೂ ಸಂಶಯಿಸಲಿಲ್ಲ, ಏಕೆಂದರೆ ಅದು ಮುಖದ ಮೇಲಿತ್ತು. ನರಸೀಪುರದ ನನ್ನ ಗೆಳೆಯರ ಮುಖ ನೆಟ್ಟಗಿದೆ, ಮೂಗು ಸುಂದರವಾಗಿದೆ. ಒಳಗೆ ಏನಿಲ್ಲವೆಂಬುದಕ್ಕೆ ಅವರ ಮಾತೊಂದೇ ಸಾಕ್ಷಿ.

ಆ ಸಾಕ್ಷಿಯನ್ನು ತಳ್ಳಿಹಾಕಿದರೆ ಏನಾಗಬಹುದೆಂಬುದಕ್ಕೆ ಒಂದು ಘೋರ ಘಟನೆಯಿದೆ. 2013ರ ಅಕ್ಟೋಬರ್‌ನಲ್ಲಿ ಚೀನಾ ದೇಶದ ವೆನ್‌ಲಿಂಗ್ ನಗರದಲ್ಲಿ, ಮೂಗಿನ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ ಸರಿಯಿಲ್ಲವೆಂದು ಮತ್ತೆ ಮತ್ತೆ ದೂರಿ, ಎಲ್ಲ ಸರಿಯಿದೆಯೆಂಬ ಉತ್ತರವನ್ನೇ ಪಡೆದಿದ್ದ ರೋಗಿಯೊಬ್ಬ ಆಸ್ಪತ್ರೆಗೆ ನುಗ್ಗಿ ವೈದ್ಯರನ್ನು ಇರಿದ, ಒಬ್ಬರು ಅಸುನೀಗಿದರು. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಸತ್ತ ವೈದ್ಯರ ಕುಟುಂಬದ ದುಃಖದ ಮುಂದೆ ಬೇರೆ ಮಾತು ಸಲ್ಲದು. ಆದರೂ ಆ ಸುದ್ದಿಯನ್ನು ಓದುವಾಗ ನನ್ನ ಜಗಲಿಯಿಂದ ನಮಸ್ಕರಿಸಿ ಎದ್ದುಹೋದವರ ಬೆನ್ನು ನನಗೆ ಕಂಡಿತು. ಅವರ ಸಹನೆ ದೊಡ್ಡದು. ಹೀಬ್ರೂ ಭಾಷೆಯಲ್ಲಿ ಮೂಗಿಗೂ ಕೋಪಕ್ಕೂ ‘ಅಫ್’ ಎಂಬ ಒಂದೇ ಪದ. ನಮ್ಮಲ್ಲಿಯೂ ಸಿಟ್ಟು ಮೂಗಿನ ತುದಿಯಲ್ಲಿಯೇ ಅಲ್ಲವೆ? ದೇವರು ದೀರ್ಘಶಾಂತನೆಂದು ನಾವು ಓದುವ ಕಡೆ ಮೂಲದಲ್ಲಿರುವುದು ‘ನೀಳವಾದ ಮೂಗಿನವನು’ ಎಂಬ ಅರ್ಥದ ಮಾತು. ಗುರುಮಠದಲ್ಲಿ ಇದನ್ನು ಕಲಿತಾಗ ನಾವು ವಿದ್ಯಾರ್ಥಿಗಳು ನಕ್ಕಿದ್ದೆವು.

ಯುವಕನ ಕಥೆ ಬೇಗ ಮುಗಿಯುತ್ತದೆ. ನಾನು ಹೇಳಿದ ತಜ್ಞರು ಮೊದಲು ಕೇಳಿದ ಪ್ರಶ್ನೆ, ಮೆಡಿಕಲ್ ಶಾಪಿನಿಂದ ಮೂಗಿನ ಡ್ರಾಪ್ಸ್ ತಂದು ಹಾಕಿಕೊಳ್ಳುತ್ತಿದ್ದೀಯಾ ಎಂದು. ಎರಡು ವರ್ಷದಿಂದ ದಿನವೂ ಹಾಕಿಕೊಳ್ಳುತ್ತಿದ್ದ. ಮೂಗನ್ನು ಕ್ಷಣದಲ್ಲಿ ಬಿಡಿಸುವ ಆ ಹನಿಗಳನ್ನು ನಾಲ್ಕೈದು ದಿನ ಮೀರಿ ಬಳಸಿದರೆ ಉಬ್ಬು ಇನ್ನಷ್ಟು ಹೆಚ್ಚುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಬಿಡಿಸಿ, ಉಪ್ಪುನೀರಿನಿಂದ ತೊಳೆಯಲು ಕಲಿಸಿ, ಬೇರೆ ಸ್ಪ್ರೇ ಕೊಟ್ಟು ಮೂರು ತಿಂಗಳು ಕಾದರು. ಅರ್ಧದಷ್ಟು ಗುಣ ಕಂಡಿತು. ಉಳಿದುದಕ್ಕೆ ಪೊರೆಯನ್ನು ಉಳಿಸುವ ಸಣ್ಣ ಚಿಕಿತ್ಸೆಯಾಯಿತು. ಈಗ ಅವನು ಮಲಗಿ ನಿದ್ರೆ ಮಾಡುತ್ತಾನೆ. “ಈಗ ಗೊರಕೆ ಸ್ವಾಮಿ, ನನಗೇ ನಿದ್ರೆ ಇಲ್ಲ” ಎಂದು ಅವನ ಪತ್ನಿ ಹೇಳಿದಾಗ ಮೂವರೂ ನಕ್ಕೆವು. ಈ ಸಲ ಆಕೆಯೂ ನಕ್ಕಳು.

ನರಸೀಪುರಕ್ಕೆ ನಾನು ಹೋದದ್ದು ಅದಾದ ಮೇಲೆ. ಅವರ ಮನೆಯ ಹಜಾರದಲ್ಲಿ ಕೂತು, ಅಂದು ನಾನು ಹೇಳಿದ್ದು ತಪ್ಪು, ನಿಮ್ಮ ಮಾತು ನಿಜವಾಗಿತ್ತು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೆಂಡತಿಯನ್ನು ಒಳಗಿನಿಂದ ಕೂಗಿ ಕರೆದು, “ಫಾದರ್ ಏನಂದ್ರು ಕೇಳ್ದೇನೇ?” ಎಂದರು. ನಾನು ಮತ್ತೊಮ್ಮೆ ಹೇಳಿದೆ.

ಅದೇ ತಜ್ಞರ ಬಳಿಗೆ ಅವರನ್ನೂ ಕಳುಹಿಸಿದೆವು. ಹೋದ ಅಂಗ ಮರಳಿ ಬರುವುದಿಲ್ಲ. ಉಪ್ಪುನೀರು, ಎಣ್ಣೆ, ಕೋಣೆಯಲ್ಲಿ ತೇವ ಇಷ್ಟರಿಂದ ಸ್ವಲ್ಪ ನೆಮ್ಮದಿಯಿದೆ. ಒಳಗೆ ತುಂಬಿ ದಾರಿಯನ್ನು ಕಿರಿದಾಗಿಸುವ ಚಿಕಿತ್ಸೆಯ ವಿಚಾರವನ್ನು ವೈದ್ಯರು ಹೇಳಿದ್ದಾರೆ, ಅವರಿನ್ನೂ ತೀರ್ಮಾನಿಸಿಲ್ಲ. ಎರಡನೆಯ ಸಲ ಮೂಗಿಗೆ ಕತ್ತರಿ ಹಾಕಿಸಲು ಅವರಿಗೆ ಭಯ. ಆ ಭಯವನ್ನು ನಾನು ಪ್ರಶ್ನಿಸಲಿಲ್ಲ. ಬೆಳಗಿನ ಜಾವ ಸಂಗಮದ ಮೆಟ್ಟಿಲ ಮೇಲೆ ಕೂತರೆ ಹೊಳೆಯ ಮೇಲಿನ ಒದ್ದೆಗಾಳಿ ಹಿತವೆನ್ನುತ್ತಾರೆ.

ಕಳೆದ ವರ್ಷ ಅವರು ಮತ್ತೆ ವಾಚನಕ್ಕೆ ನಿಂತರು. ವಾಕ್ಯ ಮುಗಿಯುವ ಮೊದಲೇ ನಿಲ್ಲಿಸುತ್ತಾರೆ, ಪೀಠದ ಮೇಲಿಟ್ಟ ಲೋಟದಿಂದ ಒಂದು ಗುಟುಕು ನೀರು ಕುಡಿಯುತ್ತಾರೆ, ಮುಂದುವರಿಸುತ್ತಾರೆ. ಮೊದಮೊದಲು ಮಕ್ಕಳು ತಿರುಗಿ ಅಪ್ಪ ಅಮ್ಮಂದಿರ ಮುಖ ನೋಡುತ್ತಿದ್ದವಂತೆ. ಹಬ್ಬದ ಬಲಿಪೂಜೆಗೆ ನನ್ನನ್ನು ಆ ಧರ್ಮಕೇಂದ್ರಕ್ಕೆ ಕರೆದಿದ್ದಾಗ ನಾನೂ ಕೇಳಿದೆ. ಒಂದು ಪುಟದ ವಾಚನಕ್ಕೆ ಸುಮಾರು ಆರು ನಿಮಿಷ ಹಿಡಿಯಿತು. ಯಾರೂ ತಿರುಗಲಿಲ್ಲ.